ಕೊನೆಯ ಆರು ಪಾಠಗಳು

೧೨ ಜನವರಿ

ಜೀರುಂಡೆ,

ಆಶೀರ್ವಾದವನ್ನು ಪತ್ರದ ಮೊದಲಲ್ಲೇ ಬರೆಯುವುದು ನನ್ನ ರೂಢಿ. ಈ ಸಲ ಕೊನೆಗೆ ಇಟ್ಟುಕೊಂಡಿದ್ದೇನೆ. ಅಲ್ಲಿಯವರೆಗೆ ಮಿಕ್ಕಿದ್ದರೆ ಬರೆಯುತ್ತೇನೆ.

ನಿನ್ನೆ ಬೆಳಿಗ್ಗೆ ಪರದೆಯ ಅಂಚು ಹೊಲಿಸಲು ನಮ್ಮ ಕಟ್ಟಡದ ಕೆಳಮಹಡಿಯ ಹೊಲಿಗೆಯವಳ ಬಳಿ ಹೋಗಿದ್ದೆ. ಅವಳ ಯಂತ್ರದ ಪಕ್ಕದಲ್ಲಿ ಮೊಬೈಲು ಹಾಡುತ್ತಿತ್ತು. ಹಾಡುತ್ತಿತ್ತು ಎನ್ನುವುದು ನನ್ನ ಔದಾರ್ಯ, ಅದು ಗುದ್ದುತ್ತಿತ್ತು. ಆ ಗುದ್ದಿನ ನಡುವೆ ನನ್ನ ದನಿ ಕೇಳಿಸಿತು. "ಮೊದಲು ಕೇಳಿ. ಆಮೇಲೆ ನುಡಿಸಿ." ಮತ್ತೆ, "ಮೊದಲು ಕೇಳಿ." ಆಮೇಲೆ ಬರೀ "ಕೇಳಿ, ಕೇಳಿ, ಕೇ, ಕೇ, ಕೇ" ಎಂದು, ಮೊಟ್ಟೆ ಇಡಲು ಜಾಗ ಸಿಗದ ಕೋಳಿಯ ಹಾಗೆ.

ಅವಳು ಯಂತ್ರದಿಂದ ಕಾಲು ತೆಗೆದಳು. "ಅಯ್ಯೋ ಟೀಚರ್, ಇದು ನೀವೇ ಅಲ್ವಾ? ನನ್ ಮಗಳು ದಿನಾ ಇದಕ್ಕೇ ಕುಣಿಯೋದು. ಬಯ್ಯೋ ಟೀಚರ್ ಹಾಡು ಅಂತಾರೆ ಎಲ್ರೂ!"

ಮೂವತ್ತೊಂದು ವರ್ಷ ಶಾಲೆಯಲ್ಲಿ ಸಂಗೀತ ಕಲಿಸಿದೆ. ಒಂದು ಮಗುವಿನ ಮೇಲೂ ಕೈ ಎತ್ತಲಿಲ್ಲ, ದನಿ ಎತ್ತಲಿಲ್ಲ. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಬಯ್ಯುವ ಟೀಚರ್ ಆದೆ. ಯಾರ ಕೃಪೆ ಎಂದು ಕೇಳಿದೆ. ಅವಳು ನಿನ್ನ ಫೋಟೊ ತೋರಿಸಿದಳು. ಕುತ್ತಿಗೆಯಲ್ಲಿ ಪಿಟೀಲು, ಕಾಲಿನ ಕೆಳಗೆ ಗುಂಡಿಗಳ ಪೆಟ್ಟಿಗೆ, ಮುಂದೆ ಕಂಪ್ಯೂಟರು.

ದನಿಯನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಅದರ ಹಿಂದೆ ಇಪ್ಪತ್ತೆರಡನೆಯ ಪಾಠದ ಪಿಟೀಲೂ ಇತ್ತು. ಸಂಗೀತ ಪರೀಕ್ಷಾ ಮಂಡಳಿಗೆಂದು ನಾನು ಧ್ವನಿಮುದ್ರಿಸಿಕೊಟ್ಟ ಇಪ್ಪತ್ತನಾಲ್ಕು ಪಾಠಗಳ ಬೆಲೆ ನಿನಗೆ ಹೇಳಿಕೊಡಬೇಕಾಗಿಲ್ಲ. ಪಿಟೀಲು ಹಿಡಿದ ಪ್ರತಿಯೊಂದು ಮಗುವೂ ಇಂದಿಗೂ ಅವುಗಳನ್ನು ಕೇಳಿಯೇ ಪರೀಕ್ಷೆಗೆ ಕೂರುತ್ತದೆ. ನನ್ನ ಬದುಕಿನಲ್ಲಿ ಕಾಗದಕ್ಕಿಂತ ಗಟ್ಟಿಯಾಗಿ ಉಳಿದಿರುವುದು ಅದೊಂದೇ. ಅದನ್ನು ತರಕಾರಿಯಂತೆ ಕೊಚ್ಚಿ ಒಗ್ಗರಣೆ ಹಾಕಿದ್ದೀಯೆ. ಹೊರಗಿನವರು ಮಾಡಿದ್ದರೆ ಕಳ್ಳತನ ಎಂದು ಸುಮ್ಮನಾಗಬಹುದಿತ್ತು. ಒಂಬತ್ತನೆಯ ವಯಸ್ಸಿನಿಂದ ನನ್ನ ಮನೆಯಲ್ಲಿ ಬೆಳೆದವಳು ಮಾಡಿದರೆ ಅದಕ್ಕೆ ಬೇರೆ ಹೆಸರಿದೆ.

ಮಂಡಳಿಗೆ ದೂರು ಬರೆದು ಇಂದೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ.

ಆಶೀರ್ವಾದ ಮಿಗಲಿಲ್ಲ.

ದೊಡ್ಡಮ್ಮ


೨೮ ಜನವರಿ

ದೊಡ್ಡಮ್ಮನಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ನಿಂತೇ ಓದಿದೆ. ನಿಮ್ಮ ಅಕ್ಷರ ಕಂಡರೆ ಈಗಲೂ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ದನಿಯ ವಿಷಯದಲ್ಲಿ ತಪ್ಪು ನನ್ನದು. ಕೇಳಿದರೆ ಬೇಡ ಎನ್ನುತ್ತೀರಿ ಎಂದು ಗೊತ್ತಿದ್ದರಿಂದಲೇ ಕೇಳಲಿಲ್ಲ. ಅದನ್ನು ಮರೆವು ಎಂದು ಹೇಳಿ ಜಾರಿಕೊಳ್ಳುವುದಿಲ್ಲ. ಕ್ಷಮಿಸಿ.

ಆದರೆ ಗೇಲಿ ಮಾಡಲು ಬಳಸಿದ್ದಲ್ಲ. ನಾವು ಅಭ್ಯಾಸ ಮಾಡುವುದು ಹಿಂದೆ ಚಪ್ಪಲಿಯ ಗೋದಾಮಾಗಿದ್ದ ಒಂದು ಉದ್ದನೆಯ ಕೋಣೆಯಲ್ಲಿ. ಗೋಡೆಯ ಮೇಲೆ ಇನ್ನೂ ಅಳತೆಯ ಸಂಖ್ಯೆಗಳಿವೆ. ಒಬ್ಬೊಬ್ಬ ನರ್ತಕರೂ ತಮ್ಮ ಕಾಲಿನ ಅಳತೆಯ ಕೆಳಗೆ ಚೀಲ ತೂಗುಹಾಕುತ್ತಾರೆ. ಒಂಬತ್ತು ಜನ. ಅವರ ನಿರ್ದೇಶಕನನ್ನು ಎಲ್ಲರೂ ಕೊಕ್ಕರೆ ಎನ್ನುತ್ತಾರೆ. ನೋಡಿದರೆ ನೀವೂ ಹಾಗೆಯೇ ಕರೆಯುತ್ತೀರಿ. ಅವನ ದೇಹದಲ್ಲಿ ಮುಕ್ಕಾಲು ಪಾಲು ಕಾಲೇ. ನಿಮ್ಮ "ಮೊದಲು ಕೇಳಿ" ಬಂದಾಗ ಒಂಬತ್ತು ಜನರೂ ಅಲುಗಾಡದೆ ನಿಲ್ಲುತ್ತಾರೆ. ಎಂಟು ಎಣಿಕೆ ಬರೀ ಕೇಳುತ್ತಾರೆ. ಆಮೇಲೆ ಮೈ ಚಲಿಸುತ್ತದೆ. ಪ್ರದರ್ಶನಕ್ಕೆ "ಮೊದಲು ಕೇಳಿ" ಎಂದೇ ಹೆಸರಿಟ್ಟಿದ್ದೇವೆ. ಏಪ್ರಿಲ್ ಇಪ್ಪತ್ತಕ್ಕೆ ರಂಗಮಂದಿರದಲ್ಲಿ ಮೊದಲ ಪ್ರಯೋಗ. ಹೊಲಿಗೆಯವರ ಬಳಿ ನೀವು ಕೇಳಿದ್ದು ಅದರ ಒಂದು ತುಣುಕು ಮಾತ್ರ. ಉಳಿದದ್ದನ್ನು ನಾನು ವೇದಿಕೆಯಲ್ಲೇ ನುಡಿಸುತ್ತೇನೆ. ಯಂತ್ರ ನನ್ನ ಒಂದು ಸಾಲನ್ನು ಹಿಡಿದು ಸುತ್ತಿಸುತ್ತಿರುವಾಗ ಅದರ ಮೇಲೆ ಇನ್ನೊಂದು ಸಾಲು.

"ನಿಮ್ಮ ದೊಡ್ಡಮ್ಮ ಬಂದ್ರೆ ಮುಂದಿನ ಸಾಲಲ್ಲಿ ಕೂರಿಸ್ಬೇಡ. ಹೆಜ್ಜೆ ತಪ್ಪಿದ್ರೆ ಎದ್ದು ಬಂದು ಕಿವಿ ಹಿಂಡ್ತಾರೆ" ಎಂದ ಕೊಕ್ಕರೆ. ಆದರೂ ಬನ್ನಿ.

ವಯೊಲಿನ್ನಿನ ವಿಷಯ ಬೇರೆ. ಅದಕ್ಕೆ ಕ್ಷಮೆ ಕೇಳುವುದಿಲ್ಲ. ಏಕೆಂಬುದು ನಮ್ಮಿಬ್ಬರಿಗೂ ಗೊತ್ತು. ದೂರನ್ನು ದಯವಿಟ್ಟು ಹಿಂತೆಗೆದುಕೊಳ್ಳಿ.

ಜೀರುಂಡೆ


೧೬ ಫೆಬ್ರವರಿ

ಜೀರುಂಡೆಗೆ,

ಮಂಡಳಿಯ ಕಾರ್ಯದರ್ಶಿ ಸ್ವತಃ ಮನೆಗೆ ಬಂದಿದ್ದ. ಒಂದು ಕಾಲದಲ್ಲಿ ನನ್ನ ಕೈಯಲ್ಲಿ ಕಲಿತವನು. ಶ್ರುತಿ ಈಗಲೂ ಕೂದಲೆಳೆಯಷ್ಟು ಕೆಳಗಿದೆ, ಮಾತಿನಲ್ಲೇ ತಿಳಿಯುತ್ತದೆ. "ಮೇಡಂ, ಇದನ್ನ ಹೀಗೇ ಬಿಟ್ರೆ ನಾಳೆ ಪರೀಕ್ಷೆಗೆ ಮಕ್ಕಳು ಕುಣ್ಕೊಂಡು ಬರ್ತಾರೆ" ಎಂದು ಬಿಸಿಯಾದ. ಇಪ್ಪತ್ತನಾಲ್ಕು ಪಾಠಗಳನ್ನೂ ನುಡಿಸಿದವಳು ನಾನೇ ಎಂಬ ಘೋಷಣೆಗೆ ಸಹಿ ಬೇಕೆಂದ. ಅದಿದ್ದರೆ ಮಂಡಳಿ ರಂಗಮಂದಿರಕ್ಕೆ ನೋಟಿಸು ಕಳಿಸಿ ಪ್ರದರ್ಶನವನ್ನು ನಿಲ್ಲಿಸಬಹುದಂತೆ.

ಸಹಿ ಹಾಕಿದೆ.

ನಿನಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ: ಮೂರನೆಯ ಬೆರಳು ಮೇಲಿನ ಸ್ವರವನ್ನು ನೇರವಾಗಿ ಮುಟ್ಟದೆ, ಕೆಳಗಿನಿಂದ ಜಾರಿಕೊಂಡು ಹೋಗಿ ತಲುಪುವ ಆ ರೀತಿ ಇದೆಯಲ್ಲ, ಕೊನೆಯ ಆರು ಪಾಠಗಳಲ್ಲಿ ಬರುತ್ತದೆ, ಅದನ್ನು ಮಂಡಳಿಯ ಪಠ್ಯಪುಸ್ತಕದಲ್ಲಿ ನನ್ನ ಶೈಲಿ ಎಂದು ಅಚ್ಚು ಹಾಕಿದ್ದಾರೆ. ಹತ್ತೊಂಬತ್ತು ವರ್ಷಗಳಿಂದ ಮಕ್ಕಳು ಅದನ್ನು ಕಲಿಯುತ್ತಿದ್ದಾರೆ. ಜಾರದಿದ್ದರೆ ಎರಡು ಅಂಕ ಕಡಿಮೆ. ಅಂಥದ್ದನ್ನು ನಿನ್ನ ಡಬಡಬ ಸದ್ದಿಗೆ ಜೋಡಿಸಲು ಸುಮ್ಮನೆ ಬಿಟ್ಟುಕೊಡುವುದು ಹೇಗೆ?

ನಾನು ಕಲ್ಲು ಮನಸ್ಸಿನವಳಲ್ಲ. ನಿನ್ನ ಒಂಬತ್ತು ಜನರ ಶ್ರಮ ಮಣ್ಣುಪಾಲಾಗುವುದು ಬೇಡ. ಇದರ ಜೊತೆ ಮಂಡಳಿಯ ಒಂದು ಪತ್ರ ಇಟ್ಟಿದ್ದೇನೆ. ವಯೊಲಿನ್ ನುಡಿಸಿದವರು ನಿನ್ನ ಗುರುಗಳಾದ ದೊಡ್ಡಮ್ಮ ಎಂದು ಒಪ್ಪಿ ಅದಕ್ಕೆ ಸಹಿ ಹಾಕಿ ಕಳಿಸು. ಪ್ರದರ್ಶನದ ಹಾಳೆಯಲ್ಲೂ ಹಾಗೆಯೇ ಅಚ್ಚಾಗಬೇಕು. ಆಗ ನಾನೇ ಅನುಮತಿ ಕೊಡಿಸುತ್ತೇನೆ. ಕುಣಿಯಿರಿ.

ದೊಡ್ಡಮ್ಮ


೨ ಮಾರ್ಚ್

ದೊಡ್ಡಮ್ಮ,

ಇದನ್ನು ಕಾಗದದ ಮೇಲೆ ಬರೆಯಬಾರದೆಂದು ಹತ್ತೊಂಬತ್ತು ವರ್ಷ ನಿಮ್ಮ ಮಾತಿಗೆ ಕಟ್ಟುಬಿದ್ದಿದ್ದೆ. ನೀವು ಸಹಿ ಹಾಕಿದ ಮೇಲೆ ಆ ಕಟ್ಟು ಬಿಚ್ಚಿತು.

ಆಗ ನನಗೆ ಹದಿನಾಲ್ಕು ವರ್ಷ, ನಿಮಗೆ ಐವತ್ತೈದು. ಹದಿನೆಂಟು ಪಾಠಗಳು ಮುಗಿದಿದ್ದವು. ಅಷ್ಟರಲ್ಲಿ ನಿಮ್ಮ ಎಡಗೈಯ ಮೂರನೆಯ ಬೆರಳಿನ ಗಿಣ್ಣು ಬಿಗಿದುಕೊಂಡಿತು. ಬಿಸಿನೀರಿನ ಬಟ್ಟಲಲ್ಲಿ ಕೈ ಇಟ್ಟುಕೊಂಡು ಕೂರುತ್ತಿದ್ದಿರಿ. ನಾನು ಬಂದರೆ ಟವೆಲ್ಲು ಮುಚ್ಚುತ್ತಿದ್ದಿರಿ. ಮಂಡಳಿ ಪಾಠಗಳಿಗಾಗಿ ಕಾಯುತ್ತಿತ್ತು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಭೂಪಟಗಳ ಕೋಣೆಗೆ ಕರೆದುಕೊಂಡು ಹೋದಿರಿ. ನೆಲ ಕಿರುಗುಟ್ಟಬಾರದೆಂದು ನನ್ನ ಚಪ್ಪಲಿ ಬಿಡಿಸಿದಿರಿ. ಧ್ವನಿಮುದ್ರಣ ಯಂತ್ರದ ಗುಂಡಿ ಒತ್ತಿ "ಪಾಠ ಹತ್ತೊಂಬತ್ತು. ಮೊದಲು ಕೇಳಿ. ಆಮೇಲೆ ನುಡಿಸಿ" ಎಂದು ಹೇಳಿ, ನನ್ನತ್ತ ತಲೆಯಾಡಿಸಿದಿರಿ. ನಾನು ನುಡಿಸಿದೆ. ಆರು ಶನಿವಾರ, ಆರು ಪಾಠ. "ಇದು ನಮ್ಮಿಬ್ಬರಲ್ಲೇ ಇರ್ಲಿ ಕಣೇ" ಎಂದಿರಿ. ನನಗೆ ಹೆಮ್ಮೆಯಾಯಿತು. ದೊಡ್ಡವರ ಗುಟ್ಟಿನಲ್ಲಿ ಪಾಲು ಸಿಕ್ಕಿತ್ತು.

ನಿಮ್ಮ ಶೈಲಿ ಎನ್ನುತ್ತೀರಲ್ಲ, ಆ ಜಾರು. ನನ್ನ ಕೈ ಚಿಕ್ಕದಿತ್ತು, ದೊಡ್ಡಮ್ಮ. ಬೆರಳು ಅಷ್ಟು ದೂರ ಎಟುಕುತ್ತಿರಲಿಲ್ಲ. ಎಟುಕದ ಕಡೆಯೆಲ್ಲ ಜಾರಿಸಿಕೊಂಡು ಹೋಗಿ ಸ್ವರ ಹಿಡಿಯುತ್ತಿದ್ದೆ. ನೀವು ತಿದ್ದುತ್ತೀರಿ ಎಂದು ಕಾದೆ. ನೀವು ಕಣ್ಣು ಮುಚ್ಚಿಕೊಂಡಿದ್ದಿರಿ, ತಿದ್ದಲಿಲ್ಲ. ಒಂದು ಪುಟ್ಟ ಕೈಯ ಪರದಾಟವನ್ನು ಊರ ಮಕ್ಕಳೆಲ್ಲ ಎರಡು ಅಂಕಕ್ಕಾಗಿ ಕಲಿಯುತ್ತಿದ್ದಾರೆ.

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಿರುತ್ತಿದ್ದೆ. ಮೂರು ವರ್ಷದ ನಂತರ, ಸ್ವಂತಿಕೆಗೆ ಅಂಕ ಕೊಡುವ ಮಂಡಳಿಯ ಅಂತಿಮ ಪರೀಕ್ಷೆಗೆ ಕೂತೆ. ಇಪ್ಪತ್ತೆರಡನೆಯ ಪಾಠವನ್ನು ನುಡಿಸಲು ಹೇಳಿದರು. ನನಗೆ ಬರುವ ಹಾಗೆ ನುಡಿಸಿದೆ. ಅಂಕಪಟ್ಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: "ಗುರುವಿನ ಯಥಾವತ್ ಅನುಕರಣೆ. ಸ್ವಂತಿಕೆ ಇಲ್ಲ. ಅನುತ್ತೀರ್ಣ."

ನಾನು ನನ್ನದೇ ನಕಲು ಎಂದು ಅನುತ್ತೀರ್ಣಳಾದೆ. ಕೆಳಗೆ ಮುಖ್ಯ ಪರೀಕ್ಷಕರ ಸಹಿ ಇತ್ತು. ಅದು ನಿಮ್ಮ ಸಹಿ. ಆ ದಿನ ಮನೆಗೆ ಬಂದು ನೀವು ಆಡಿದ್ದು ಒಂದೇ ಮಾತು: "ಮುಂದಿನ ಸಲ ಚೆನ್ನಾಗಿ ಓದ್ಕೊ." ಓದಿಕೊಳ್ಳಲು ಏನಿತ್ತು? ಮುಂದಿನ ಸಲವನ್ನು ಕಾಯದೆ ಹೊರಟೆ. ಯಂತ್ರಗಳ ಬಳಿ ಹೋದದ್ದೂ ಅದಕ್ಕೇ. ಅವು ಯಾರು ನುಡಿಸಿದರು ಎಂದು ಕೇಳದೆ ಹಿಡಿದಿಟ್ಟುಕೊಳ್ಳುತ್ತವೆ.

ಸಹಿಯನ್ನು ಹಿಂತೆಗೆದುಕೊಳ್ಳಿ. ಜಗತ್ತಿಗೆ ಸಾರಬೇಕಾಗಿಲ್ಲ, ಮಂಡಳಿಗೆ ಒಂದು ಸಾಲು ಸಾಕು. ನನಗೆ ನೋಟಿಸು ಬರದಿದ್ದರೆ ಅಷ್ಟೇ ಸಾಕು.

ಜೀರುಂಡೆ


೧೪ ಮಾರ್ಚ್

ಜೀರುಂಡೆಗೆ,

ಪತ್ರ ತಲುಪಿತು.

ನಿನ್ನ ಕೈಗೆ ಕಮಾನು ಕೊಟ್ಟವರು ಯಾರು? ಮಣಿಕಟ್ಟು ಸಡಿಲ ಬಿಡುವುದನ್ನು ಕಲಿಸಲು ಎಂಟು ತಿಂಗಳು ನಿನ್ನ ಮೊಣಕೈಯ ಕೆಳಗೆ ನನ್ನ ಅಂಗೈ ಇಟ್ಟು ನಿಂತವರು ಯಾರು? ನಿನ್ನ ಅಮ್ಮ ಆಸ್ಪತ್ರೆಯ ಪಾಳಿಯಲ್ಲಿ ದಾದಿಯಾಗಿ ದುಡಿಯುತ್ತಿದ್ದಾಗ ನಿನಗೆ ಊಟ ಹಾಕಿ ಸ್ವರ ಹಾಕಿದವರು ಯಾರು? ಶಿಷ್ಯೆಯ ಕೈ ನುಡಿಸಿದ್ದು ಗುರುವಿನದಲ್ಲ ಎನ್ನುವ ಲೆಕ್ಕ ನನಗೆ ಅರ್ಥವಾಗುವುದಿಲ್ಲ.

ಪರೀಕ್ಷೆಯಲ್ಲಿ ನಾನು ಅಂಕ ಹಾಕಲಿಲ್ಲ. ಸಂಬಂಧಿಯಾದ್ದರಿಂದ ನಿಯಮದ ಪ್ರಕಾರ ಪಕ್ಕದ ಕೋಣೆಯಲ್ಲಿ ಕುಳಿತಿದ್ದೆ. ಪಟ್ಟಿಗೆ ಸಹಿ ಮಾತ್ರ ಹಾಕಿದೆ.

ನಿನ್ನ ಒಪ್ಪಿಗೆ ಪತ್ರಕ್ಕೆ ಮಾರ್ಚ್ ಮೂವತ್ತೊಂದು ಕೊನೆಯ ದಿನ. ಅದು ದಾಟಿದ ಮೇಲೆ ನೋಟಿಸನ್ನು ತಡೆಯುವುದು ನನ್ನ ಕೈಯಲ್ಲಿಲ್ಲ.

ದೊಡ್ಡಮ್ಮ


೩೦ ಮಾರ್ಚ್

ದೊಡ್ಡಮ್ಮ,

ಸಹಿ ಹಾಕಿದ ಪತ್ರ ಇದರೊಂದಿಗಿದೆ. ತಿದ್ದುಪಡಿ ಇಲ್ಲ, ಚಿತ್ತಿಲ್ಲ. ನೀವು ಮೆಚ್ಚುವ ಹಾಗೆ ಅಂಚು ಬಿಟ್ಟು ಸಹಿ ಹಾಕಿದ್ದೇನೆ.

ಕೊಕ್ಕರೆ ಬೇಡವೆಂದ. "ಆ ತುಣುಕು ಕಿತ್ತಾಕು. ನೀನೇ ಹೊಸದಾಗಿ ನುಡಿಸು, ಅದನ್ನೇ ಸೇರ್ಸೋಣ. ಯಾರಪ್ಪನ ಗಂಟು ಹೋಗುತ್ತೆ?" ಎಂದ. ನುಡಿಸಿ ನೋಡಿದೆ. ಎರಡು ದಿನ ನುಡಿಸಿದೆ. ಈಗ ನನ್ನ ಕೈ ದೊಡ್ಡದಾಗಿದೆ, ಬೆರಳು ನೇರವಾಗಿ ಸ್ವರದ ಮೇಲೆ ಹೋಗಿ ಕೂರುತ್ತದೆ. ಬೇಕೆಂದೇ ಜಾರಿಸಿದರೆ ನಿಮ್ಮ ಪಠ್ಯಪುಸ್ತಕ ಓದಿದವರ ಹಾಗೆ ಕೇಳುತ್ತದೆ. ಎಟುಕದಿದ್ದಾಗ ಬರುತ್ತಿದ್ದ ಸದ್ದು ಎಟುಕಿದ ಮೇಲೆ ಬರುವುದಿಲ್ಲ. ಒಂಬತ್ತು ಜನರೂ ಹೊಸದಕ್ಕೆ ಹೆಜ್ಜೆ ಹಾಕಿ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಮೆಲ್ಲಗೆ, "ಅಕ್ಕಾ, ಹಳೇದ್ರಲ್ಲಿ ಯಾರೋ ಕೈ ಚಾಚ್ತಿದ್ದ ಹಾಗಿತ್ತು" ಎಂದಳು.

ಅವರು ಐದು ತಿಂಗಳಿಂದ ಆ ಕೈಗೆ ಕುಣಿದಿದ್ದಾರೆ. ಅದು ಯಾರದೆಂದು ನಾನು ಅವರಿಗೆ ಹೇಳಿಲ್ಲ. ಇನ್ನು ಹೇಳುವಂತೆಯೂ ಇಲ್ಲ.

ಹಾಳೆಯಲ್ಲಿ ನಿಮ್ಮ ಹೆಸರು ಮೇಲೆ ಬರುತ್ತದೆ. ಕಾಗುಣಿತವನ್ನು ಎರಡು ಸಲ ನೋಡಿದ್ದೇನೆ.

ಇದಕ್ಕೆ ಉತ್ತರ ಬೇಡ.


೯ ಮೇ

ಜೀರುಂಡೆ,

ನೀನು ಉತ್ತರ ಬೇಡವೆಂದಿದ್ದೆ. ನಾಲ್ಕು ಸಲ ಬರೆದು ಹರಿದು, ಐದನೆಯದನ್ನು ಕಳಿಸುತ್ತಿದ್ದೇನೆ. ನಿನ್ನ ಪತ್ರದಲ್ಲಿ ಕೊನೆಗೆ ಹೆಸರಿರಲಿಲ್ಲ. ಅದನ್ನೂ ಗಮನಿಸಿದೆ.

ಏಪ್ರಿಲ್ ಇಪ್ಪತ್ತಕ್ಕೆ ಬಂದಿದ್ದೆ. ಹೊಲಿಗೆಯವಳೂ ಅವಳ ಮಗಳೂ ಜೊತೆಗಿದ್ದರು. ಹಿಂದಿನಿಂದ ಎರಡನೆಯ ಸಾಲು. ನೀನು ನೋಡಿರಲಾರೆ. ನನ್ನ ದನಿ ಬಂದಾಗ ಸಭೆ ನಗಲಿಲ್ಲ, ಅದು ನನಗೆ ಆಶ್ಚರ್ಯ. ದೀಪ ಆರಿತು, ಒಂಬತ್ತು ಜನ ಕಲ್ಲಾಗಿ ನಿಂತರು. ಆಮೇಲೆ ಇಪ್ಪತ್ತೆರಡನೆಯ ಪಾಠ ಬಂತು. ನಿನ್ನ ಗುದ್ದುವ ಸದ್ದನ್ನು ನಾನು ಈಗಲೂ ಒಪ್ಪುವುದಿಲ್ಲ. ಲಯ ಎಂದರೆ ಗೋಡೆಗೆ ಮೊಳೆ ಹೊಡೆಯುವುದಲ್ಲ. ಆದರೆ ಆ ಜಾರು ಬಂದ ಕಡೆ ನೀನು ಎಲ್ಲ ಯಂತ್ರಗಳನ್ನೂ ನಿಲ್ಲಿಸಿದ್ದೆ. ಅದೊಂದೇ ಕೇಳಿಸಿತು. ಮುಂದಿನ ಸಾಲಿನಲ್ಲಿ ಯಾರೋ ಅತ್ತರು.

ಹೊರಗೆ ಬಂದಾಗ ಕಾರ್ಯದರ್ಶಿ ಹತ್ತು ಜನರನ್ನು ಕಟ್ಟಿಕೊಂಡು ನಿಂತಿದ್ದ. "ನೋಡಿ, ಇವ್ರೇ! ಆ ಕೈ ಇವ್ರದ್ದೇ!" ಎಂದು ನನ್ನ ಎಡಗೈಯನ್ನು ಹಿಡಿದು ಎತ್ತಿ ತೋರಿಸಿದ. ಬಗ್ಗದ ಬೆರಳನ್ನು. ಅವರು ಚಪ್ಪಾಳೆ ತಟ್ಟಿದರು. ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಮೊನ್ನೆ ಮಂಡಳಿಗೆ ಹೋದೆ. ಕಾರ್ಯದರ್ಶಿಯ ಎದುರು ಕುಳಿತು, "ಕೊನೇ ಆರು ಪಾಠ ನುಡಿಸಿದ್ದು ನಾನಲ್ಲಪ್ಪ" ಎಂದೆ. ಅವನು ನಕ್ಕ. "ದೊಡ್ಡವರು ಹೀಗೇ ಮೇಡಂ, ಎಲ್ಲಾ ಶಿಷ್ಯರದ್ದೇ ಅಂತೀರಿ. ನಿಮ್ಮ ಹುಡುಗೀನೇ ಸಹಿ ಹಾಕಿ ಕೊಟ್ಟಿದಾಳಲ್ಲ" ಎಂದು ನಿನ್ನ ಪತ್ರವನ್ನು ತೆಗೆದು ತೋರಿಸಿದ. ಒಮ್ಮೆ ಹೇಳಿದೆ. ಎರಡನೆಯ ಸಲ ಹೇಳಬೇಕಿತ್ತು, ಹೇಳಲಿಲ್ಲ. ಕಾಫಿ ತರಿಸಿದ. ಕುಡಿದು ಬಂದೆ.

ನಿನ್ನ ಸಹಿ ನೋಡಿದಾಗ ನನಗೆ ಬಂದದ್ದು ಕೋಪ. ನೀನು ನಿರಾಕರಿಸುತ್ತೀ ಎಂದು ನಂಬಿದ್ದೆ. ನೀನು ಜಗಳವಾಡಿ, ಕಿರುಚಿ, ನಾನು ಹೇಳಲಾರದ್ದನ್ನು ನೀನೇ ಹೊರಗೆ ಹಾಕುತ್ತೀ ಎಂದು ಒಳಗೊಳಗೇ ಕಾದಿದ್ದೆ. ಎಲ್ಲದರಂತೆ ಅದನ್ನೂ ನಿನ್ನ ಕೈಯಿಂದಲೇ ಮಾಡಿಸಲು ಹೊರಟಿದ್ದೆ. ನೀನು ಅಂಚು ಬಿಟ್ಟು ಸಹಿ ಹಾಕಿದೆ.

ಪರೀಕ್ಷೆಯ ದಿನ ಪಕ್ಕದ ಕೋಣೆಯಿಂದ ನಾನು ಕೇಳುತ್ತಿದ್ದೆ. ಗೋಡೆ ತೆಳು. ಆ ಮೂವರು ಪರೀಕ್ಷಕರು "ಅಬ್ಬಾ, ಪಾಪ, ಬರೀ ದೊಡ್ಡಮ್ಮನ ಕಾಪಿ" ಎಂದು ನಕ್ಕದ್ದೂ ಕೇಳಿಸಿತು. ಬಾಗಿಲಿಗೆ ನಾಲ್ಕು ಹೆಜ್ಜೆ. ಎದ್ದು ನಿಂತೆ, ಮತ್ತೆ ಕೂತೆ. ಆ ಜಾರನ್ನು ಭೂಪಟದ ಕೋಣೆಯಲ್ಲಿ ನಾನು ತಿದ್ದಲಿಲ್ಲ. ಅದು ನನ್ನ ಕೈಯಿಂದ ಎಂದೂ ಬರದಷ್ಟು ಚೆನ್ನಾಗಿತ್ತು. ಅದನ್ನು ನಿನಗೆ ಹೇಳದೆ ನನ್ನ ಹೆಸರಿಗೆ ಬರೆದುಕೊಂಡೆ.

ಆದ್ದರಿಂದ, ಸ್ವಸ್ಥ ಚಿತ್ತದಿಂದ, ನನ್ನ ಸ್ವಹಸ್ತದಿಂದ ಬರೆದುಕೊಡುತ್ತಿದ್ದೇನೆ: ಪಾಠ ಹತ್ತೊಂಬತ್ತರಿಂದ ಇಪ್ಪತ್ತನಾಲ್ಕರವರೆಗೆ ವಯೊಲಿನ್ ನುಡಿಸಿದವಳು ನನ್ನ ತಂಗಿಯ ಮಗಳು. ಆಗ ಅವಳಿಗೆ ಹದಿನಾಲ್ಕು ವರ್ಷ. ಜಾರುವ ರೀತಿ ಅವಳದು. ನನ್ನ ಘೋಷಣೆ ಸುಳ್ಳು. ಅವಳ ಅನುತ್ತೀರ್ಣ ಫಲಿತಾಂಶ ಅನ್ಯಾಯ.

ಈ ಹಾಳೆ ನಿನ್ನ ಬಳಿ ಇರಲಿ. ಯಾರಿಗೆ ಬೇಕಾದರೂ ತೋರಿಸು. ನನಗಿಂತ ನಿನಗೆ ಧೈರ್ಯ ಹೆಚ್ಚು. ನನ್ನಿಂದ ಆಗುವುದು ಇಷ್ಟೇ.

ಆಶೀರ್ವಾದಗಳೊಂದಿಗೆ,
ದೊಡ್ಡಮ್ಮ


೨೧ ಮೇ

ದೊಡ್ಡಮ್ಮ,

ನಿಮ್ಮ ಪತ್ರವನ್ನು ಪೂರ್ತಿ ಓದಿದೆ. ಅದರಲ್ಲಿನ ಹಳೆಯ ಸಂಗತಿಗಳಲ್ಲಿ ನನಗೆ ಗೊತ್ತಿಲ್ಲದ್ದು ಒಂದೇ: ಬಾಗಿಲಿಗೆ ನಾಲ್ಕು ಹೆಜ್ಜೆ ಇತ್ತೆಂಬುದು. ಉಳಿದದ್ದೆಲ್ಲ ನನಗೆ ಆಗಿನಿಂದಲೇ ತಿಳಿದದ್ದು. ತಿಳಿದವಳಿಗೇ ತಿಳಿಸಿದ್ದೀರಿ.

ಆ ಹಾಳೆಯನ್ನು ನಾನು ಇಟ್ಟುಕೊಳ್ಳುವುದಿಲ್ಲ, ಯಾರಿಗೂ ತೋರಿಸುವುದಿಲ್ಲ. ಅದನ್ನು ಬೇರೆ ಲಕೋಟೆಗೆ ಹಾಕಿ ಇದರೊಂದಿಗೆ ಹಿಂದಕ್ಕೆ ಕಳಿಸಿದ್ದೇನೆ. ಲಕೋಟೆಯ ಮೇಲೆ ಮಂಡಳಿಯ ವಿಳಾಸ ಬರೆದಿದ್ದೇನೆ, ಅಂಚೆಚೀಟಿ ಹಚ್ಚಿದ್ದೇನೆ. ಬಾಯಿ ಅಂಟಿಸಿಲ್ಲ. ಅಂಚೆಡಬ್ಬಿ ನಿಮ್ಮ ಬೀದಿಯ ಕೊನೆಯಲ್ಲಿದೆ.

ಜೀರುಂಡೆ